ಕಿಟಕಿ ಪಕ್ಕದ ಕುರ್ಚಿ ಮತ್ತು ಫ್ಲೇರ್

ನಮ್ಮ ಚಿಕ್ಕಮ್ಮನಿಗೆ ಫ್ಲೇರ್ ಇದೆ. ಈ ಪದಕ್ಕೆ ಕನ್ನಡದಲ್ಲಿ ಒಂದು ಸರಿಜೋಡಿ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ಕೈಗುಣ ಎಂದರೆ ಆ ಒಯ್ಯಾರ ಹೊರಗುಳಿಯುತ್ತದೆ, ಒಯ್ಯಾರ ಎಂದರೆ ಕೈ ಹೊರಗುಳಿಯುತ್ತದೆ. ಕತ್ತರಿಯನ್ನು ಬೆರಳಲ್ಲಿ ಗಿರ್ರನೆ ಒಂದು ಸುತ್ತು ತಿರುಗಿಸಿ, ಕೂದಲಿಗೆ ಇಳಿಸುವ ಹೊತ್ತಿಗೆ ಹತ್ತಿಯಷ್ಟು ಮೆತ್ತಗಾಗುವ ಅವಳ ಕೈ ನೋಡಿದರೆ ಎರಡೂ ಒಟ್ಟಿಗೇ ಕಾಣುತ್ತವೆ.

ಅವಳು ಕೆಲಸ ಮಾಡುವ ಪಾರ್ಲರ್‌ನಲ್ಲಿ ನಾಲ್ಕು ಕುರ್ಚಿಗಳಿವೆ. ಕಿಟಕಿ ಪಕ್ಕದ್ದು ಬೀದಿಗೆಲ್ಲ ಕಾಣುತ್ತದೆ. ಅದರ ಹಿಂದೆ ನಿಂತವರೇ ಅಂಗಡಿಗೆ ಮುಖ. ಆ ಜಾಗ ಖಾಲಿಯಾಗಿ ಹದಿನೈದು ದಿನವಾಗಿತ್ತು. ಚಿಕ್ಕಮ್ಮನಿಗೆ ಅದು ಬೇಕಿತ್ತು, ಎಷ್ಟು ಬೇಕಿತ್ತೆಂದರೆ ಬಾಯಿ ಬಿಟ್ಟು ಕೇಳಲಾರದಷ್ಟು. ಒಂಬತ್ತು ವರ್ಷದಿಂದ ಅವಳು ಒಳಗಡೆ, ತಲೆ ತೊಳೆಯುವ ಬೇಸಿನ್ ಪಕ್ಕದಲ್ಲೇ ಇದ್ದಳು. ಕಾರಣ, ಅವಳ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ.

ನಾನೇ ಬಾಯಿ ಹಾಕಿದೆ. "ಮೇಡಂ, ಸರ್ಟಿಫಿಕೇಟ್ ಇಲ್ಲ ನಿಜ. ಆದ್ರೆ ನಮ್ಮ ಚಿಕ್ಕಮ್ಮಂಗೆ ಫ್ಲೇರ್ ಇದೆ!"

"ಅದಕ್ಕೆ ಫ್ರೇಮ್ ಹಾಕ್ಸಿ ಗೋಡೆಗೆ ನೇತು ಹಾಕೋಕಾಗುತ್ತಾ?" ಎಂದರು ಪಾರ್ಲರ್ ಯಜಮಾನಿ. ಸ್ವಲ್ಪ ಯೋಚಿಸಿ, "ಶನಿವಾರ ಬೆಳಗ್ಗೆ ನನ್ನೆದುರಿಗೇ ಒಂದು ತಲೆ ಕತ್ತರಿಸ್ಲಿ, ನೋಡೋಣ" ಎಂದರು.

"ಯಾರ ತಲೆ ಮೇಡಂ?"

"ಬಾಯಿ ಹಾಕಿದವರದೇ!"

ಚಿಕ್ಕಮ್ಮನದೊಂದು ಪದ್ಧತಿಯಿದೆ. ಕತ್ತರಿ ಹಿಡಿಯುವ ಮುಂಚೆ, ಬಂದವರನ್ನು ಬಾಗಿಲಿನಿಂದ ಕನ್ನಡಿಯವರೆಗೆ ಎರಡು ಸಲ ನಡೆಸುತ್ತಾಳೆ. ಕೂತ ತಲೆಯನ್ನು ನೋಡಿ ಕತ್ತರಿಸಿದ ಕೂದಲು, ಎದ್ದ ತಕ್ಷಣ ಮಾತು ಕೇಳುವುದಿಲ್ಲವಂತೆ.

ಶನಿವಾರ ನಾನು ನಡೆದೆ. ನಡೆದದ್ದೇನು, ಮೆರೆದೆ! ಗದ್ದ ಮೇಲೆ, ಸೊಂಟಕ್ಕೆ ಕೈ, ತಿರುವಿನಲ್ಲೊಂದು ನೋಟ. ಚಿಕ್ಕಮ್ಮನ ಫ್ಲೇರ್‌ಗೆ ನನ್ನ ಕಡೆಯಿಂದಲೂ ಒಂದಿಷ್ಟು ಇರಲಿ ಎಂದು.

ಅವಳು ನನ್ನನ್ನು ಕೂರಿಸಿ, ಬಟ್ಟೆ ಹೊದಿಸಿ, ಬಾಚಿದಳು. ಕತ್ತರಿ ಎತ್ತಿದಳು. ಇಳಿಸಲಿಲ್ಲ.

"ಏನಾಯ್ತು? ಕೈ ನಡುಗ್ತಿದ್ಯಾ?" ಯಜಮಾನಿ ವಾಚು ನೋಡಿಕೊಂಡರು.

"ಇಲ್ಲ ಮೇಡಂ. ಈಗ ನಡೆದೋಳು ನಮ್ಮ ಹುಡುಗಿ ಅಲ್ಲ."

ನನ್ನ ಮೆರೆದಾಟಕ್ಕೆ ಅವಳ ಕುರ್ಚಿ ಹೋಗುತ್ತದಲ್ಲ! "ಚಿಕ್ಕಮ್ಮಾ, ಹೇಗೋ ಕತ್ತರಿಸಿಬಿಡೇ" ಎಂದು ಪಿಸುಗುಟ್ಟಿದೆ.

"ಹೇಗೋ ಅಂತೆ! ಸುಮ್ನಿರೇ ನವಿಲೇ." ಅಷ್ಟರಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂಗಿದಳು: "ಅಯ್ಯೋ, ನಿನ್ನ ಕಾಲೇಜ್ ಬಸ್ ಬಂತಲ್ಲೇ!"

ಶನಿವಾರ ಕಾಲೇಜಿಲ್ಲ ಎಂಬುದು ಕಾಲಿಗೆ ಗೊತ್ತಿರಬೇಕಲ್ಲ! ಹೊದ್ದ ಬಟ್ಟೆಯ ಸಮೇತ ಬಾಗಿಲಿಗೆ ಓಡಿದೆ. ರಸ್ತೆಯಲ್ಲಿ ಬಸ್ಸೂ ಇಲ್ಲ, ಗಿಸ್ಸೂ ಇಲ್ಲ. ಗೊಣಗುತ್ತಾ ಕಾಲೆಳೆದುಕೊಂಡು ವಾಪಸ್ ಬಂದರೆ, ಯಜಮಾನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

"ಈಗ ಸಿಕ್ಕಿದ್ಲು," ಎಂದಳು ಚಿಕ್ಕಮ್ಮ. "ಒಂದೇ ಹೆಗಲಿಗೆ ಬ್ಯಾಗ್ ಹಾಕಿ ಹಾಕಿ ಕತ್ತು ವಾಲಿದೆ ಮೇಡಂ. ಎರಡೂ ಕಡೆ ಸಮ ಕತ್ತರಿಸಿದ್ರೆ ಇವಳಿಗೆ ಸಮ ಕಾಣಲ್ಲ. ಒಂದು ಕಡೆ ಅರ್ಧ ಬೆರಳು ಜಾಸ್ತಿ ಉದ್ದ ಬಿಡ್ತೀನಿ."

ಕತ್ತರಿ ಗಿರ್ರನೆ ತಿರುಗಿತು. ಆಮೇಲೆ ಚಿಕ್‌ಚಿಕ್ ಎಂದು ಕೂದಲಿಗಿಳಿಯಿತು. ಉಳಿದ ಇಬ್ಬರು ಕೆಲಸದವರೂ ಬಂದು ಹಿಂದೆ ನಿಂತರು.

"ಇದೆಲ್ಲ ಯಾರು ಕಲಿಸಿದ್ರಮ್ಮ ನಿಂಗೆ?" ಯಜಮಾನಿ ಕೇಳಿದರು.

"ಯಾರೂ ಇಲ್ಲ ಮೇಡಂ. ಚಿಕ್ಕೋಳಿದ್ದಾಗ್ಲೇ ದಾರೀಲಿ ಹೋಗೋರ ಹಿಂದೆ ಹೋಗಿ ಜಡೆ ನೋಡ್ತಾ ನಡೀತಿದ್ದೆ. ಮನೆ ದಾಟಿ ಹೋಗಿ ಬೈಸ್ಕೋತಿದ್ದೆ."

ಮುಗಿದ ಮೇಲೆ ಯಜಮಾನಿ ನನ್ನನ್ನು ಇನ್ನೊಮ್ಮೆ ಆ ಇಲ್ಲದ ಬಸ್ಸಿಗೆ ಓಡಿಸಿದರು. ಕೂದಲು ಹಾರಿತು, ನಿಂತಾಗ ತಾನಾಗಿ ಬಂದು ಜಾಗದಲ್ಲಿ ಕೂತಿತು. ಅವರು ಬೇಸಿನ್ ಪಕ್ಕದಿಂದ ಚಿಕ್ಕಮ್ಮನ ಬಾಚಣಿಗೆ ಡಬ್ಬಿಯನ್ನು ತಾವೇ ಎತ್ತಿ ತಂದು ಕಿಟಕಿಯ ಶೆಲ್ಫ್ ಮೇಲಿಟ್ಟರು.

"ಗೋಡೆಗೆ ಏನು ಹಾಕೋದು, ಅದನ್ನಾದ್ರೂ ಹೇಳು."

ಚಿಕ್ಕಮ್ಮನ ಕಣ್ಣು ತುಂಬಿತ್ತು, ಕೈ ಮಾತ್ರ ಕತ್ತರಿ ಒರೆಸುತ್ತಿತ್ತು. "ಕನ್ನಡಿ ಇದೆಯಲ್ಲ ಮೇಡಂ."

ನಾನು ಆ ಕನ್ನಡಿ ಬಿಟ್ಟು ಅಲ್ಲಾಡಲಿಲ್ಲ. ಮನೆಗೆ ಹೋಗುವ ನಿಜವಾದ ಬಸ್ಸು ಹೋಗಿಯೇಬಿಟ್ಟಿತು.