ಬಣ್ಣ ಒಣಗುವವರೆಗೆ

ಅಕ್ಕನ ಮನೆಯ ಬಾಡಿಗೆಯವರನ್ನು ಬಿಡಿಸುವುದಕ್ಕೆ ವಕೀಲರು ಮೂರು ವರ್ಷ ಬೇಕು ಅಂದರು. ನಾನು ಎರಡು ದಿನದಲ್ಲಿ ಬಿಡಿಸಿದೆ. ಮೊದಮೊದಲು ಇದನ್ನು ಎದೆಯುಬ್ಬಿಸಿಕೊಂಡು ಹೇಳುತ್ತಿದ್ದೆ. ಈಗ ಯಾರಾದರೂ ಆ ಮಾತೆತ್ತಿದರೆ ಎದ್ದು ಹೋಗಿ ಬ್ರಷ್ ತೊಳೆಯುತ್ತೇನೆ. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆಯುತ್ತೇನೆ.

ನಾನು ಗೋಡೆಗೆ ಬಣ್ಣ ಹೊಡೆಯುವವನು. ಕಸುಬಿಗೆ ಇಳಿದು ಮೂವತ್ತು ವರ್ಷ ಆಯಿತು, ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಭಾವ ಕೆಲಸದಿಂದ ನಿವೃತ್ತನಾಗಿ ಕಂಪನಿಯ ಕ್ವಾರ್ಟರ್ಸ್ ಬಿಡಬೇಕಾಯಿತು. ಅಕ್ಕನಿಗೆ ಸ್ವಂತದ್ದೊಂದು ಮೂರು ಕೋಣೆಯ ಮನೆ ಇತ್ತು, ಆದರೆ ಅದರಲ್ಲಿ ಏಳು ವರ್ಷದಿಂದ ಒಂದು ಸಂಸಾರ ಬಾಡಿಗೆಗಿತ್ತು. ಕರಾರು ಮುಗಿದರೂ ಅವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಹಾಗಾಗಿ ಅಕ್ಕ, ಭಾವ ಇಬ್ಬರೂ 'ಒಂದೇ ತಿಂಗಳು ಕಣೋ' ಅಂತ ನನ್ನ ಎರಡು ಕೋಣೆಯ ಮನೆಗೆ ಬಂದರು. ಹನ್ನೊಂದು ತಿಂಗಳಾಯಿತು. ಮೊದಲ ವಾರ ಅಕ್ಕನೂ ನನ್ನ ಹೆಂಡತಿಯೂ ಹಾಲು ಸಕ್ಕರೆಯ ಹಾಗಿದ್ದರು. ಆಮೇಲೆ ಒಲೆ ಯಾರು ಒರೆಸಬೇಕು, ಫ್ಯಾನ್ ಯಾರು ಆರಿಸಬೇಕು ಅನ್ನುವುದಕ್ಕೆಲ್ಲ ಮುಖ ಊದಿಸಿಕೊಳ್ಳುವುದು ಶುರುವಾಯಿತು. ಭಾವನ ಕೆಮ್ಮಿಗೂ ನನ್ನ ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳು.

"ರೀ, ನಿಮ್ಮಕ್ಕನ್ನ ಅವರ ಮನೆಗೆ ಸೇರಿಸ್ತೀರೋ, ಇಲ್ಲಾ ನಾನೇ ನಮ್ಮಣ್ಣನ ಮನೆಗೆ ಹೊರಡಲೋ?" ಅಂತ ಒಂದು ದಿನ ಅವಳು ಕೇಳಿಯೇಬಿಟ್ಟಳು. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೆ.

ಆ ಬಾಡಿಗೆಯವನು ಪುಸ್ತಕಗಳಿಗೆ ರಟ್ಟು ಹಾಕುವವನು, ರಟ್ಟಿನವರು ಅಂತಲೇ ಹೆಸರಾಗಿತ್ತು. ಮನೆಯಲ್ಲಿ ಅವನು, ಹೆಂಡತಿ, ಕಣ್ಣಿಲ್ಲದ ತಾಯಿ. ಮನೆ ಬಿಡಿ ಅಂತ ಕೇಳಲು ಹೋದಾಗಲೆಲ್ಲ ಅವನದು ಒಂದೇ ರಾಗ. "ಅಮ್ಮನಿಗೆ ಈ ಮನೆ ಕೈಗೆ ಕಾಲಿಗೆ ಬಂದುಬಿಟ್ಟಿದೆ ಸ್ವಾಮಿ. ಇಲ್ಲಿ ಒಬ್ಬರೇ ಓಡಾಡ್ತಾರೆ. ಬೇರೆ ಕಡೆ ಹೋದ್ರೆ ಹಿಡ್ಕೊಂಡು ಕೂರಿಸಬೇಕು. ಎಂಟು ಮನೆ ತೋರಿಸಿದ್ದೀನಿ, ಒಂದ್ರಲ್ಲಿ ಮೆಟ್ಟಿಲಿಂದ ಬಿದ್ದೇಬಿಟ್ರು. ಒಂದು ಸರಿಯಾದ್ದು ಸಿಗೋವರೆಗೆ ಇರೋಕೆ ಬಿಡಿ."

"ಮುದುಕೀನ ಮುಂದಿಟ್ಕೊಂಡು ನಾಟಕ ಆಡ್ತಿದ್ದಾನೆ" ಅಂತ ಅಕ್ಕನಿಗೆ ಹೇಳಿದವನು ನಾನೇ. ಉಪಾಯ ಹೇಳಿಕೊಟ್ಟವನೂ ನಾನೇ.

ಯಾವ ಮನೆಗಾದರೂ ಹೋಗಿ ಬಣ್ಣ ಹೊಡೆಯುತ್ತೇನೆ ಅನ್ನಿ. ಜನ ತಾವೇ ಮಂಚ ಬಿಚ್ಚುತ್ತಾರೆ, ಬೀರು ಎಳೆಯುತ್ತಾರೆ, ಗೋಡೆಯ ಕ್ಯಾಲೆಂಡರನ್ನೂ ಬಿಡದೆ ಹೊರಗೆ ಸಾಗಿಸುತ್ತಾರೆ. ಮೇಲಿಂದ ನಮಗೆ ಟೀ ಬೇರೆ. ಮನೆ ಖಾಲಿ ಮಾಡಿ ಅಂದರೆ ಕಚ್ಚಿಕೊಂಡು ಕೂರುವವರೂ ಬಣ್ಣ ಅಂದರೆ ನಗುನಗುತ್ತಾ ಖಾಲಿ ಮಾಡುತ್ತಾರೆ. ಮನೆ ಖಾಲಿಯಾದ ಮೇಲೆ ಬೀಗ ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ?

ಅಕ್ಕ ಅಳುಕುತ್ತಲೇ ಕೇಳಿದಳು. "ಪಾಪ ಸುತ್ತಿಕೊಳ್ಳಲ್ವೇನೋ?"

"ನಿನ್ನ ಮನೆಗೆ ನೀನು ಹೋಗೋದು ಪಾಪ ಹೇಗಾಗುತ್ತೆ?" ಅಂದೆ. ಆಗ ಅದು ನನಗೆ ಒಳ್ಳೆಯ ಮಾತಾಗಿಯೇ ಕೇಳಿಸಿತ್ತು.

ಮಾರನೆಯ ದಿನ ಹೋಗಿ, ಬಣ್ಣ ಹೊಡೆದುಕೊಡು ಅಂತ ಅಕ್ಕ ಕಳಿಸಿದ್ದಾಳೆ ಅಂದೆ. ರಟ್ಟಿನವನ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಏಳು ವರ್ಷದಿಂದ ಅವರು ಕೇಳುತ್ತಲೇ ಇದ್ದರು, ಅಕ್ಕ ಒಂದು ಪಟ್ಟೆ ಸುಣ್ಣವನ್ನೂ ಹೊಡೆಸಿರಲಿಲ್ಲ. ಆಕೆ ಒಳಗೆ ಓಡಿದಳು. "ಅತ್ತೆ, ಬಣ್ಣ ಹೊಡೆಸ್ತಾರಂತೆ! ಹಾಗಂದ್ರೆ ನಮ್ಮನ್ನ ಇಲ್ಲೇ ಇರಿಸ್ಕೊಳ್ತಾರೆ ಅಂತ ಅಲ್ವಾ?"

ಆ ಪ್ರಶ್ನೆ ನನ್ನ ಕಿವಿಗೂ ಬಿತ್ತು. ನಾನು ಗೋಡೆ ಅಳೆಯುವವನ ಹಾಗೆ ಟೇಪ್ ತೆಗೆದೆ.

ಅಜ್ಜಿ ಒಳಗಿನಿಂದ ಬಂದರು. ಬಲಗೈ ಗೋಡೆಯ ಮೇಲಿಟ್ಟು, ಎಲ್ಲೂ ನಿಲ್ಲದೆ, ಬಾಗಿಲ ಚೌಕಟ್ಟು ಬಂದಲ್ಲಿ ಕೈ ಬಿಟ್ಟು ಆಚೆ ಬದಿ ಹಿಡಿದು, ಸರಸರನೆ ನಡೆದು ಬಂದರು. ಆಗ ನೋಡಿದೆ. ಅವರ ಮಂಚದ ಹತ್ತಿರ ಶುರುವಾಗಿ, ಬಚ್ಚಲು ಮನೆಗೆ ಹೋಗಿ, ಅಲ್ಲಿಂದ ಅಡುಗೆಮನೆ ಸುತ್ತಿ ಮುಂಬಾಗಿಲವರೆಗೆ, ಸೊಂಟದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಜಿಡ್ಡಿನ ಪಟ್ಟೆ. ಅಂಗೈ ಅಗಲ. ಏಳು ವರ್ಷ ಒಂದೇ ಕೈ ಸವರಿ ಸವರಿ ಆದದ್ದು. ನಾಟಕ ಆಡುವವರ ಗೋಡೆಯ ಮೇಲೆ ಅಂಥ ಪಟ್ಟೆ ಬೀಳುವುದಿಲ್ಲ ಅಂತ ನನ್ನ ಕಸುಬಿಗೆ ತಕ್ಷಣ ಗೊತ್ತಾಯಿತು. ಅಲ್ಲೇ ಹಿಂದಿರುಗಬಹುದಿತ್ತು. ಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ನೆನಪಾಯಿತು. ಹಿಂದಿರುಗಲಿಲ್ಲ.

ಮನೆಯ ಹಿರಿಯರನ್ನು ಬಣ್ಣ ಕೇಳುವುದು ನನ್ನ ಅಭ್ಯಾಸ. ನಾಲಿಗೆ ತಾನಾಗಿಯೇ ಹೊರಳಿತು. "ಯಾವ ಬಣ್ಣ ಹೊಡೀಲಿ, ಅಮ್ಮಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಜ್ಜಿ ಮಾತ್ರ ಬೇಸರ ಪಡಲಿಲ್ಲ. ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ಯೋಚಿಸಿದರು. "ತಿಳಿ ಹಳದಿ. ನನಗೆ ಕಣ್ಣಿದ್ದಾಗ, ಹುಟ್ಟಿದ ಮನೇಲಿ ನೋಡಿದ್ದೆ. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಬಣ್ಣ ಕೇಳಿರಲಿಲ್ಲ ಮೇಸ್ತ್ರಿ" ಅಂದರು. ಆಮೇಲೆ, "ಎರಡೇ ದಿನ ತಾನೆ? ಒಣಗಿದ ಕೂಡಲೇ ಬರಬಹುದಾ?"

"ಒಣಗಿದ ಕೂಡಲೇ" ಅಂದೆ.

ಸಾಮಾನು ರಟ್ಟಿನವನ ಅಂಗಡಿಯ ಹಿಂದಿನ ಕೋಣೆಗೆ ಹೋಯಿತು. ಎರಡು ರಾತ್ರಿ ಅಲ್ಲೇ ಮಲಗುತ್ತೇವೆ ಅಂದರು. ಹೊರಡುವಾಗ ಅಜ್ಜಿ ಮುಂಬಾಗಿಲ ಚೌಕಟ್ಟನ್ನು ಮೆಲ್ಲಗೆ ಎರಡು ಸಲ ತಟ್ಟಿದರು.

ನಾನು ತಿಳಿ ಹಳದಿಯನ್ನೇ ಹೊಡೆದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಅಕ್ಕನಿಗೆ ಬಿಳಿ ಬೇಕಿತ್ತು. ಆದರೆ ಕೆಲಸ ಮಾತ್ರ ಕೆಟ್ಟದಾಗಿ ಮಾಡಿದೆ. ಜಿಡ್ಡಿನ ಗೋಡೆಯನ್ನು ವಾಷಿಂಗ್ ಸೋಡಾ ನೀರಲ್ಲಿ ತಿಕ್ಕಿ, ಒಣಗಿಸಿ, ಪ್ರೈಮರ್ ಹಾಕಿ ಆಮೇಲೆ ಬಣ್ಣ ಮುಟ್ಟಬೇಕು. ಹೊಸಬನೂ ಈ ತಪ್ಪು ಮಾಡುವುದಿಲ್ಲ. ನಾನು ಆ ಪಟ್ಟೆಯ ಮೇಲೆ ಕಣ್ಣು ಮುಚ್ಚಿಕೊಂಡು ರೋಲರ್ ಎಳೆದೆ. ಎರಡನೆಯ ದಿನ ಮಧ್ಯಾಹ್ನ ಹೊಸ ಬೀಗ ಕೂರಿಸಿದೆ. ಅಕ್ಕ, ಭಾವ ಟೆಂಪೋದಲ್ಲಿ ಬಂದಿಳಿದರು.

ಸಂಜೆ ರಟ್ಟಿನವನು ಪೊರಕೆ ಹಿಡಿದುಕೊಂಡು ಬಂದ. ನೆಲಕ್ಕೆ ಬಿದ್ದ ಬಣ್ಣ ಕೆರೆಯಲು ನನಗೆ ಕೈಜೋಡಿಸೋಣ ಅಂತ ಬಂದಿದ್ದ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಭಾವ ಕರಾರು ಪತ್ರ ತೆಗೆದು, ಅವಧಿ ಮುಗಿದು ಒಂದು ವರ್ಷದ ಮೇಲಾಯಿತು, ಬೇಕಾದರೆ ಕೋರ್ಟಿಗೆ ಹೋಗಿ ಅಂದ. ರಟ್ಟಿನವನು ಪತ್ರ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಕೂಗಾಡುತ್ತಾನೆ ಅಂತ ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮೇಸ್ತ್ರಿ" ಅಂದ. "ಬಿಡಿಸೋದಿದ್ರೆ ಬಿಡಿಸಿ, ಮನೆ ನಿಮ್ಮದು. ಅಮ್ಮನ ಹತ್ರ ಬಣ್ಣ ಯಾಕೆ ಕೇಳಿದ್ರಿ?"

ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದ.

ನಮ್ಮ ಮನೆಯಲ್ಲಿ ಆ ವಾರ ಪಾತ್ರೆ ಸದ್ದು ಮಾಡಲಿಲ್ಲ. ಹೆಂಡತಿ ನಗುನಗುತ್ತಾ ಬಡಿಸಿದಳು.

ಮೂರು ವಾರ ಕಳೆದಿರಬೇಕು, ಅಕ್ಕ ಫೋನ್ ಮಾಡಿದಳು. "ಗೋಡೆ ಮೇಲೆ ಏನೋ ಕಲೆ ಏಳ್ತಿದೆ, ಬಂದು ನೋಡೋ." ಹೋದೆ. ನೋಡುವ ಮೊದಲೇ ಗೊತ್ತಿತ್ತು. ಹಳದಿಯ ಒಳಗಿನಿಂದ ಆ ಪಟ್ಟೆ ಎದ್ದು ಬಂದಿತ್ತು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ, ಎಲ್ಲೂ ಕಡಿಯದೆ.

"ಅದು ಆ ಅಜ್ಜಿದಲ್ವಾ?" ಅಂದಳು ಅಕ್ಕ. ಗೋಡೆಗೆ ಬೆನ್ನು ಮಾಡಿ ನಿಂತಿದ್ದಳು. "ಅದನ್ನ ನೋಡ್ಕೊಂಡು ನನಗೆ ಇಲ್ಲಿ ಇರೋಕಾಗಲ್ಲ ಕಣೋ. ಹೇಗಾದರೂ ಮಾಡಿ ತೆಗೆದುಬಿಡು."

ಈ ಸಲ ಸರಿಯಾಗಿ ಮಾಡಿದೆ. ಸೋಡಾ ನೀರಲ್ಲಿ ತಿಕ್ಕಿದೆ. ಬಕೆಟ್ಟಿನ ನೀರು ಕಪ್ಪಾಯಿತು, ಚೆಲ್ಲಿ ಬಂದೆ, ಮತ್ತೆ ಕಪ್ಪಾಯಿತು. ಒಣಗಲು ಬಿಟ್ಟು, ಪ್ರೈಮರ್ ಹಾಕಿ, ಮೇಲೆ ಹಳದಿ ಎಳೆದೆ. ಪಟ್ಟೆ ಹೋಯಿತು. ಇನ್ನು ಏಳುವುದಿಲ್ಲ ಅಂತ ಅಕ್ಕನಿಗೆ ಭರವಸೆ ಕೊಟ್ಟೆ. ಡಬ್ಬ, ಬ್ರಷ್ ಹಿಡಿದುಕೊಂಡು ಮನೆಗೆ ಅಂತ ಹೊರಟವನ ಕಾಲು ರಟ್ಟಿನವನ ಅಂಗಡಿಯ ಕಡೆ ಎಳೆಯಿತು. ಕ್ಷಮಿಸಿ ಅಂತ ಒಂದು ಮಾತು ಹೇಳಿಬಿಡೋಣ, ಬೇಕಾದರೆ ಕೆನ್ನೆಗೆ ಬಾರಿಸಲಿ ಅಂದುಕೊಂಡೆ.

ಅವನು ಇರಲಿಲ್ಲ. ಅವನ ಹೆಂಡತಿ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು. ಹಿಂದಿನ ಕೋಣೆಯಲ್ಲಿ ರಟ್ಟಿನ ಕಟ್ಟುಗಳ ನಡುವೆ ಅಜ್ಜಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಕಟ್ಟುಗಳು ದಿನಕ್ಕೊಂದು ಕಡೆ ಸರಿಯುವ ಜಾಗ ಅದು, ಹಿಡಿದು ನಡೆಯಲು ಗೋಡೆಯೇ ಕಾಣುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು.

ಅಜ್ಜಿ ಮೂಗರಳಿಸಿದರು. "ಬಣ್ಣದ ವಾಸನೆ. ಮೇಸ್ತ್ರಿನಾ?"

"ಹೌದಮ್ಮಾ."

"ಬಣ್ಣ ಒಣಗಿತಾ?"

ನಾನು ಸೊಸೆಯ ಕಡೆ ನೋಡಿದೆ. ಅವಳು ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು, "ಮಳೆಗೆ ಒಣಗ್ತಿಲ್ಲ ಅಂತ ಹೇಳ್ಕೊಂಡು ಬಂದಿದ್ದೀವಿ. ನಿಜ ಹೇಳೋಕೆ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ನೀವೇ ಹೇಳಿ."

ಹೇಳಲೆಂದೇ ಬಾಯಿ ತೆರೆದೆ. ಸತ್ಯವಾಗಿಯೂ. ಅಜ್ಜಿಯ ಮುಖ ನನ್ನ ಕಡೆಗೇ ಇತ್ತು.

"ಈಗ ತಾನೇ ಇನ್ನೊಂದು ಸಲ ಹೊಡೆದು ಬಂದೆ, ಅಮ್ಮಾ. ಇನ್ನೂ ಹಸಿ ಇದೆ."

ಸೊಸೆ ತಿರುಗಿ ಹೋಗಿ ಗೋಂದಿನ ಮುಂದೆ ಕೂತಳು.

"ಅವಸರ ಏನಿಲ್ಲ, ಚೆನ್ನಾಗಿ ಒಣಗಲಿ" ಅಂದರು ಅಜ್ಜಿ. ಆಮೇಲೆ ಹತ್ತಿರ ಬಾ ಅನ್ನುವ ಹಾಗೆ ಕೈ ಮಾಡಿದರು. ಬಗ್ಗಿದೆ. ಸೊಸೆಗೆ ಕೇಳಿಸಬಾರದು ಅಂತ ಪಿಸುಗುಟ್ಟಿದರು. "ನಾನು ಗೋಡೆಯೆಲ್ಲಾ ಮುಟ್ಟಿ ಮುಟ್ಟಿ ಕೊಳೆ ಮಾಡಿದ್ದೆ ಅಂತ ಕಾಣುತ್ತೆ. ಅದಕ್ಕೇ ನಿಮ್ಮಕ್ಕನಿಗೆ ಬೇಜಾರಾಗಿತ್ತೋ ಏನೋ. ಈ ಸಲ ಬೆರಳ ತುದಿ ಮಾತ್ರ ತಾಗಿಸ್ಕೊಂಡು ನಡೀತೀನಂತೆ, ಹೇಳಿ ಅವರಿಗೆ."

ಹೇಳ್ತೀನಿ ಅಂದೆ. ಇವತ್ತಿನವರೆಗೂ ಹೇಳಿಲ್ಲ.