ಕೊಡ ಇಳಿಸುವ ಕೈ

ತೇರದಾಳದ ಬಸದಿ ಓಣಿಯ ಆ ಮನೆಗೆ ಒಂದು ಕಟ್ಟಳೆ ಇತ್ತು. ಮನೆಗೆ ಬರುವ ಜೈನ ಮುನಿಗಳ ಆಹಾರಕ್ಕೆ ನೀರು ಸೇದುವವಳು ಹಿರಿಯ ಸೊಸೆಯೇ ಆಗಬೇಕು. ಜಳಕ ಮಾಡಿ, ಮಡಿಸೀರೆ ಉಟ್ಟು, ಹಿತ್ತಲ ಬಾವಿಯ ನೀರು ಸೇದಿ ಅರಿವೆಯಲ್ಲಿ ಸೋಸಬೇಕು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಕೊಡದಲ್ಲಿಟ್ಟು, ಅದೇ ಬಾವಿಯ ನೀರು ಮುಟ್ಟುವ ತನಕ ಮೆಲ್ಲಗೆ ಇಳಿಸಿ ಬಿಡಬೇಕು. ಮೇಲಿಂದ ಬಿದ್ದರೆ ಅವು ಸಾಯುತ್ತವೆ.

ಹಿರಿಯ ಸೊಸೆ ಉಜ್ವಲಾಳಿಗೆ ಸಂಧಿವಾತ. ರಾತ್ರಿಯಿಡೀ ಯಾರೋ ಪಕ್ಕದಲ್ಲಿ ಕೂತು ಬೆರಳಿನ ಗೆಣ್ಣುಗೆಣ್ಣಿಗೂ ಗಂಟು ಬಿಗಿದು ಹೋದಂತೆ, ಬೆಳಗಾದರೆ ಕೈ ಬಿಚ್ಚುತ್ತಿರಲಿಲ್ಲ. ಅವಳ ಕೈ ಸೋತಾಗಿನಿಂದ ಆ ಮನೆಯಲ್ಲಿ ಮುನಿಗಳ ಆಹಾರವೇ ಆಗಿರಲಿಲ್ಲ. ಈ ಸಲ ಮುನಿ ಮಹಾರಾಜರು ಮಳೆಗಾಲದ ಚಾತುರ್ಮಾಸಕ್ಕೆ ಊರಿಗೇ ಬರುತ್ತಾರೆಂದು ತಿಳಿದದ್ದೇ ತಡ, ಉಜ್ವಲಾ ಜಮಖಂಡಿ ಬಸ್ಸು ಹತ್ತಿದಳು.

ಅಲ್ಲಿ ವ್ಯಾಯಾಮ ಕಲಿಸುವ ವಂದನಾ ಡಾಕ್ಟರು ಕೈ ಹಿಡಿದು ನೋಡಿ ಅಂದರು, "ಗುಳಿಗಿ ಬಿಡಬ್ಯಾಡ್ರಿ. ಕೀಲಿನ ಸುತ್ತಲಿನ ಮಾಂಸಖಂಡ ಗಟ್ಟಿ ಮಾಡೂಣು. ಉಸುಕಿನ ಚೀಲ ಎತ್ರಿ, ಎತ್ತೂದಕ್ಕಿಂತ ಸಾವಕಾಶ ಇಳಸೂದ ಮುಖ್ಯ. ವಾರಕ್ಕ ಚೂರು ಚೂರು ಭಾರ ಏರಸ್ರಿ. ಐದು ಕಿಲೋ ತ್ರಾಸಿಲ್ಲದ ಇಳಿಸಿದ ಮ್ಯಾಲೆ ಬಾವಿ ಹಗ್ಗ ಮುಟ್ರಿ."

ನೆಗೆಣ್ಣಿ ಕ್ಷಮಾ ಚೀಲ ಹೊಲಿದುಕೊಟ್ಟಳು. ಗಂಡ ಧರಣೇಂದ್ರ ಪ್ರತಿ ಐತವಾರ ಅದನ್ನು ತನ್ನ ಬೆಲ್ಲದ ಅಂಗಡಿಗೆ ಒಯ್ದು, ತಕ್ಕಡಿಯಲ್ಲಿ ತೂಗಿ ಉಸುಕು ತುಂಬಿಸಿ ತರುತ್ತಿದ್ದ. "ಮೂರು ಆತು ನೋಡು... ನಾಕು ಆತು ನೋಡು!" ಎಂದು ಚಪ್ಪಾಳೆ ತಟ್ಟುತ್ತಿದ್ದ. ಅತ್ತೆ ಅಕ್ಕಮ್ಮ ಕಟ್ಟೆಯ ಮೇಲಿಂದ ಕಾಡುತ್ತಿದ್ದಳು, "ಏನ ಬೇ, ಮುಧೋಳದ ಕುಸ್ತಿಗೆ ಹೆಸರ ಕೊಟ್ಟೀಯೇನ?"

"ಹೂನ್ರಿ ಅತ್ತಿ. ಮೊದಲ ನಿಮ್ಮ ಮಗನ್ನ ಕೆಡವತೇನಿ."

ಐದು ಕಿಲೋ ಆದ ದಿನ ಉಜ್ವಲಾ ಓಣಿಗೆಲ್ಲ ಸಕ್ಕರೆ ಹಂಚಿದಳು.

ಆಹಾರದ ದಿನ ನಸುಕಿನಲ್ಲಿ ಹಗ್ಗ ಹಿಡಿದಳು. ಕೊಡ ಮೇಲೆ ಬಂತೇನೋ ಖರೆ, ಆದರೆ ತೋಳು ಥರಥರ ನಡುಗಿತು. ಐದು ಕಿಲೋ ಎತ್ತುವ ಕೈಗೆ ಈ ಸಣ್ಣ ಕೊಡ ಯಾಕಿಷ್ಟು ಭಾರ? ನೀರು ಸೋಸಿದಳು. ಅರಿವೆಯ ಜೀವಗಳನ್ನು ಕೊಡಕ್ಕಿಳಿಸಿ ಹಗ್ಗ ಬಿಡುತ್ತ ಬಂದಳು. ಅರ್ಧಕ್ಕೆ ಮಣಿಕಟ್ಟು ಹಿಡಿದುಕೊಂಡಿತು. ಬೆರಳು ತಾವಾಗಿಯೇ ಬಿಚ್ಚಿಕೊಂಡವು. ರಾಟಿ ಗರಗರ ತಿರುಗಿ, ಕೊಡ ಧಡ್ಡೆಂದು ನೀರಿಗೆ ಬಿತ್ತು.

ಉಜ್ವಲಾ ಬಗ್ಗಿ ಕತ್ತಲೆಯೊಳಗೆ ನೋಡುತ್ತ ನಿಂತಳು. ಆ ಜೀವಗಳು!

"ಈ ಕಡೆ ಸರೀರಿ ಅಕ್ಕಾ, ನಾ ಸೇದತೇನಿ." ಹಿಂದೆ ಕ್ಷಮಾ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮೈಮೇಲೆ ಮಡಿಸೀರೆ.

"ನೀ ಯಾವಾಗ ಜಳಕಾ ಮಾಡಿದಿ? ಯಾರ ಹೇಳಿದ್ರು?"

"ಭಾವಾರು... ನಿಮ್ಮ ಕೈಲೆ ಆಗೂದಿಲ್ಲ, ತಯಾರಿರು ಅಂದ್ರರಿ."

"ಆಗೂದಿಲ್ಲಂತ ಅವರಿಗೆ ಹೆಂಗ ಗೊತ್ತು?"

ಕ್ಷಮಾ ನೆಲ ನೋಡಿದಳು. "ಚೀಲದಾಗ ಉಸುಕು ಮ್ಯಾಲಷ್ಟರಿ ಅಕ್ಕಾ. ಒಳಗೆಲ್ಲಾ ಜ್ವಾಳದ ಹೊಟ್ಟು."

ಬಾಗಿಲಲ್ಲಿ ಧರಣೇಂದ್ರ ನಿಂತಿದ್ದ. ಅಲ್ಲಗಳೆಯಲಿಲ್ಲ.

"ಮೊದಲನೇ ವಾರ ಖರೇನ ಉಸುಕ ತುಂಬಿದ್ನಿ. ಕೈ ಬಾತು ನೀ ಅಳೂದು ನೋಡಾಕ ಆಗಲಿಲ್ಲ ನನಗ."

"ಡಾಕ್ಟರಿಗೆ ಹೇಳಿದ್ರ ಭಾರ ಕಡಿಮಿ ಮಾಡತಿದ್ರು. ಹೆಚ್ಚ ದಿನ ಹಿಡೀತಿತ್ತು, ಅಷ್ಟ."

"ನೀ ಎಷ್ಟ ಖುಷಿ ಇದ್ದಿ, ಉಜ್ವಲಾ..."

ಆ ಖುಷಿಯೇ ಈಗ ಅವಳನ್ನು ಸುಡುತ್ತಿತ್ತು. ಮನೆಮಂದಿಯೆಲ್ಲ ಕೂಡಿ ಆಡಿದ ಸೋಗಿನಾಟದಲ್ಲಿ ತಾನೊಬ್ಬಳೇ ಖರೆ ಅಂತ ಕುಣಿದಿದ್ದಳು. ಸಂಧಿವಾತ ಕೈ ಹಿಡಿಯುತ್ತಿತ್ತು, ಒತ್ತುತ್ತಿತ್ತು, ಆದರೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

ಕಟ್ಟಳೆ ಮುರಿದು ಕ್ಷಮಾ ನೀರು ಸೇದಿದಳು. ಅಡಿಗೆ ಆಯಿತು. ಬಿಸಿಲೇರುವ ಹೊತ್ತಿಗೆ ಗಂಡಹೆಂಡತಿ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ನವಿಲುಗರಿಯ ಪಿಂಛಿ ಹಿಡಿದ ಮಹಾರಾಜರು ಓಣಿಗುಂಟ ಬಂದು, ಅವರ ಮನೆಯ ಮುಂದೆಯೇ ನಿಂತರು. ಅಕ್ಕಮ್ಮನ ಕಣ್ಣಲ್ಲಿ ನೀರು ಬಂತು.

ಮಹಾರಾಜರಿಗೆ ಪ್ರದಕ್ಷಿಣೆ ಹಾಕಿದ್ದಾಯಿತು. ಇನ್ನು ಒಳಗೆ ಕರೆಯುವ ಮುಂಚೆ ದಂಪತಿಗಳಿಬ್ಬರೂ ಹೇಳಬೇಕು: ಮನ ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ. ಹೇಳದಿದ್ದರೆ ಮುನಿಗಳು ಆ ಮನೆಯ ಆಹಾರ ಮುಟ್ಟುವುದಿಲ್ಲ.

ಧರಣೇಂದ್ರ ತಡವರಿಸದೆ ಹೇಳಿದ. ತಕ್ಕಡಿ ಲೆಕ್ಕ ಹೇಳಿದಷ್ಟೇ ಸಲೀಸಾಗಿ.

ಮಹಾರಾಜರ ದೃಷ್ಟಿ ಉಜ್ವಲಾಳ ಕಡೆ ತಿರುಗಿತು.

"ಹೇಳ ಬೇ," ಅಕ್ಕಮ್ಮ ಹಿಂದಿನಿಂದ ಪಿಸುಗುಟ್ಟಿದಳು.

ಉಜ್ವಲಾ ತಲೆ ಬಾಗಿಸಿದಳು. ತುಟಿ ಬಿಚ್ಚಲಿಲ್ಲ. ಮಹಾರಾಜರು ಒಂದು ಗಳಿಗೆ ಕಾದರು. ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಪಕ್ಕದ ಮನೆಯ ಕಡೆ ನಡೆದುಬಿಟ್ಟರು.

"ಒಂದ ಮಾತು ಅಂದಿದ್ರ ಏನ ಹೋಗತಿತ್ತು?" ಧರಣೇಂದ್ರ ಕಲಶ ಕೆಳಗಿಟ್ಟು ಕೇಳಿದ.

"ನನ್ನ ಮನಸ್ಸು ಶುದ್ಧ ಇರಲಿಲ್ರಿ," ಅಂದಳು ಉಜ್ವಲಾ. "ನಿಮ್ಮಾಂಗ ಅವರ ಮುಂದ ನಿಂತು ಹೇಳಾಕ ನನಗ ಬರಲಿಲ್ಲ."