ಕತ್ತರಿಸಿದ ಮೂಲೆ

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಹಿಂಬಾಗಿಲಲ್ಲಿ, ಕೊಳೆ ಬಟ್ಟೆಯ ಬುಟ್ಟಿಯೊಳಗೆ, ಒಂದು ಹಸುಗೂಸು ಸಿಕ್ಕಿತು. ಜೀವ ಇತ್ತು. ಅಳುವಷ್ಟು ತ್ರಾಣ ಇರಲಿಲ್ಲ. ಆ ವರ್ಷ ಊರಿನಲ್ಲಿ ಹೀಗೆ ಸಿಕ್ಕಿದ ಮೂರನೆಯ ಮಗು ಅದು.

ಆಂಬುಲೆನ್ಸ್ ಹೋದ ಮೇಲೆ ಬಟ್ಟೆ ಮಡಿಸುವವಳು ನಿಟ್ಟುಸಿರು ಬಿಟ್ಟಳು. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಚಿನ್ನದಂಥ ಮಗುನೇ ಬೇಡವಾಯ್ತಲ್ಲ. ಎಂಥಾ ಕಲ್ಲೆದೆಯೋ.”

ಪಕ್ಕದಲ್ಲಿ ಇಸ್ತ್ರಿಯಮ್ಮ ನಿಂತಿದ್ದಳು. ಇಪ್ಪತ್ತು ವರ್ಷದಿಂದ ಅಲ್ಲಿ ಇಸ್ತ್ರಿ ಹಾಕುತ್ತಿದ್ದವಳಿಗೆ ಅದೇ ಹೆಸರಾಗಿತ್ತು. ಅವಳು ನೋಡುತ್ತಿದ್ದುದು ಮಗುವನ್ನು ಸುತ್ತಿದ್ದ, ಈಗ ಬುಟ್ಟಿಯಲ್ಲೇ ಉಳಿದಿದ್ದ ಟವೆಲನ್ನು. ಆ ಲಾಂಡ್ರಿಯಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗದಿರಲೆಂದು ಪ್ರತಿಯೊಂದರ ಮೂಲೆಯಲ್ಲೂ ಕೆಂಪು ದಾರದ ಗುರುತು ಹೊಲಿಯುತ್ತಿದ್ದರು. ಕೆಲಸದವರ ಮನೆಯ ಬಟ್ಟೆಗೂ ಗುರುತಿತ್ತು. ಇಸ್ತ್ರಿಯಮ್ಮನ ಮನೆಯದು ಎರಡು ಗೆರೆ, ಒಂದು ತನಗೆ, ಒಂದು ಮಗಳಿಗೆ. ಬುಟ್ಟಿಯ ಟವೆಲಿನಲ್ಲಿ ಆ ಮೂಲೆಯೇ ಇರಲಿಲ್ಲ. ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

ಸಂಜೆ ಮನೆಯಲ್ಲಿ ಅದನ್ನೇ ಹೇಳಿದಳು. ಮಗಳು ಟೈಲರ್ ಅಂಗಡಿಯಿಂದ ತಂದ ಅಂಗಿಗಳಿಗೆ ಕಾಜಾ ಹೊಲಿಯುತ್ತ ಕೂತಿದ್ದಳು. ಅವಳಿಗೆ ಏಳು ತಿಂಗಳು. ಮದುವೆ ಆಗುತ್ತೇನೆಂದವನ ಫೋನು ನಾಲ್ಕು ತಿಂಗಳಿಂದ ಸ್ವಿಚ್ ಆಫ್. ಅಗಲವಾದ ಅಂಗಿ ತೊಟ್ಟು ಮನೆಯಲ್ಲೇ ಇರುತ್ತಿದ್ದಳು. ಅಕ್ಕಪಕ್ಕದವರಿಗೆ ಕಾಮಾಲೆ ಎಂದು ಹೇಳಿಯಾಗಿತ್ತು.

“ಅವಳು ಸಿಕ್ಕಿಬಿದ್ಲಾ ಅಮ್ಮ?”

“ಹೇಗೆ ಸಿಗ್ತಾಳೆ? ಗುರುತನ್ನೇ ಕತ್ತರಿಸಿದಾಳೆ.”

ಮಗಳು ತಲೆಯೆತ್ತಲಿಲ್ಲ. ಸೂಜಿ ಮಾತ್ರ ಸ್ವಲ್ಪ ಹೊತ್ತು ನಿಂತಿತು.

ಗುರುವಾರ ಬೆಳಿಗ್ಗೆ ಮಗಳ ಪೆಟ್ಟಿಗೆಯಲ್ಲಿ ಬಿಳಿ ದಾರ ಹುಡುಕುವಾಗ ತಳದಲ್ಲಿ ಇಸ್ತ್ರಿಯಮ್ಮನ ಕೈಗೆ ಮೆತ್ತನೆಯದೇನೋ ತಗುಲಿತು. ತಾನೇ ಎರಡು ಗೆರೆ ಹೊಲಿದಿದ್ದ ಹೊಸ ಟವೆಲು, ನಾಲ್ಕು ಮಡಿಕೆ. ಬಿಡಿಸಿ ನೋಡಿದಳು. ಒಂದು ಮೂಲೆ ಇರಲಿಲ್ಲ.

ಉಪಾಯ ಹೇಳಿಕೊಟ್ಟವಳು ತಾನೇ. ಇದ್ದಂತೆಯೇ ಮಡಿಸಿಟ್ಟು ಕೆಲಸಕ್ಕೆ ಹೋದಳು.

“ಇಸ್ತ್ರಿಯಮ್ಮ, ಇವತ್ತು ಇಸ್ತ್ರಿ ಹಾಕ್ತಿದ್ದೀಯೋ, ಹಪ್ಪಳ ಸುಡ್ತಿದ್ದೀಯೋ?” ಎಂದಳು ಮಡಿಸುವವಳು. ದಿಂಬಿನ ಚೀಲದ ಮೇಲೆ ಕಂದು ಕಲೆ ಎದ್ದಿತ್ತು.

ಮಧ್ಯಾಹ್ನ ಆರೋಗ್ಯ ಕೇಂದ್ರದ ಹಾಸಿಗೆ ಬಟ್ಟೆ ತೆಗೆದುಕೊಂಡು ಹೋಗಲು ಚೀಲದ ಸಿಸ್ಟರ್ ಬಂದಳು. ಹೆಗಲಿನ ಚೀಲ ಯಾವಾಗಲೂ ಉಬ್ಬಿಕೊಂಡೇ ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಇಸ್ತ್ರಿಯಮ್ಮ ಅವಳನ್ನು ಸೋಪಿನ ಮೂಟೆಗಳ ಹಿಂದಕ್ಕೆ ಕರೆದಳು.

“ಸಿಸ್ಟರ್, ನಮ್ಮ ಪಕ್ಕದ ಮನೆ ಹುಡುಗಿ ಒಬ್ಬಳು...”

“ಎಷ್ಟು ತಿಂಗಳು?”

“ಏಳು.”

“ತಪಾಸಣೆಗೆ ಯಾಕೆ ಬಂದಿಲ್ಲ?”

“ಹೇಗೆ ಬರ್ತಾಳೆ? ಬಸಿರು ತೆಗೆಸಬಾರದು ಅಂತ ಇಲ್ಲಿ ಹೊಸ ಕಾನೂನು ಬಂದಿದೆಯಲ್ಲ. ಅಲ್ಲಿ ಹೆಸರು ಬರೆಸಿದ್ರೆ ಪೊಲೀಸರಿಗೆ ಹೋಗುತ್ತಂತೆ. ಹಿಂದಿನ ಬೀದಿಯವಳಿಗೆ ತಾನಾಗೇ ಬಸಿರು ಇಳಿದುಹೋದಾಗ ಅವಳನ್ನೂ ಕೂರಿಸ್ಕೊಂಡು ಕೇಳಿದ್ರಂತೆ. ಅದಕ್ಕೇ ನಾನೇ ಹೇಳಿದ್ದು, ಆ ಕಡೆ ತಲೆ ಹಾಕ್ಬೇಡ ಅಂತ.”

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಪಕ್ಕದ ಮನೆ ಹುಡುಗಿ ಯಾರೆಂದು ಸಿಸ್ಟರ್‌ಗೆ ತಿಳಿಯಿತು. ಅವಳದನ್ನು ಕೆದಕಲು ಹೋಗದೆ ಮೂಟೆಯ ಮೇಲೆ ಕೂತಳು.

“ಕೂರಿಸ್ಕೊಂಡು ಕೇಳಿದ್ದು ನಿಜ. ಅದು ಆಗಬಾರದಿತ್ತು. ಆದ್ರೆ ಕಾನೂನು ತಡೆದಿರೋದು ತೆಗೆಸೋದನ್ನ. ಬಸುರಿ ಆಗೋದು ಅಪರಾಧ ಅಂತ ಎಲ್ಲೂ ಹೇಳಿಲ್ಲ. ತಪಾಸಣೆಗೆ ಹೆಸರು ಬರೆಸಿದ್ರೆ ಅದು ನಮ್ಮ ಪುಸ್ತಕದಲ್ಲೇ ಇರುತ್ತೆ. ತೆಗೆಸೋಕೆ ಬರೋರು ನಿಂತ್ರು, ಸರಿ. ಅವರ ಜೊತೆ ತಪಾಸಣೆಗೆ ಬರೋರೂ ನಿಂತುಹೋದ್ರು. ಯಾರು ಬಸುರಿ ಅಂತ ಈಗ ನಮಗೆ ಗೊತ್ತಾಗೋದೇ ಬುಟ್ಟಿಯಲ್ಲಿ ಮಗು ಸಿಕ್ಕಿದ ಮೇಲೆ.”

“ಹೆತ್ತ ಮೇಲೆ ಏನು ಮಾಡೋದು? ಸಾಕೋಕೆ ಆಗದೇ ಇದ್ರೆ?”

“ಬೀದಿಯಲ್ಲಿ ಬಿಟ್ರೆ ಅದು ಬಿಟ್ಟುಹೋಗೋದು. ಅಪರಾಧ. ಆಸ್ಪತ್ರೆಯಲ್ಲಿ ನಮ್ಮ ಕೈಗೆ ಕೊಟ್ರೆ ಅದು ಒಪ್ಪಿಸೋದು. ಅದಕ್ಕೆ ಇಲ್ಲಿ ಶಿಕ್ಷೆ ಇಲ್ಲ. ಎರಡು ತಿಂಗಳೊಳಗೆ ಮನಸ್ಸು ಬದಲಾದ್ರೆ ವಾಪಸ್ಸೂ ಕೇಳಬಹುದು.”

“ಇಟ್ಕೋಬೇಕು ಅಂದ್ರೆ?”

ಸಿಸ್ಟರ್ ಹೆಗಲಿನ ಚೀಲ ಕೆಳಗಿಳಿಸಿದಳು. “ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನ ತೆರೆದು ಕೊಡಬೇಕಿತ್ತು. ಊಟ, ರಜೆ, ಮಗು ನೋಡ್ಕೊಳ್ಳೋಕೆ ಜಾಗ. ಸುಳ್ಳು ಯಾಕೆ ಹೇಳ್ಲಿ, ಇಡೀ ಊರಿಗೆ ಇರೋದು ಒಂದು ತಾಯಂದಿರ ಮನೆ, ಆರು ಮಂಚ.”

“ಆರು ಎಲ್ಲಿ ಸಾಲುತ್ತೆ ಸಿಸ್ಟರ್?”

“ಸಾಲಲ್ಲ. ಆದ್ರೆ ಹೆದರಿ ಯಾರೂ ಬರದಿದ್ರೆ ಆರೂ ಖಾಲಿ ಅಂತ ಬರ್ಕೊಂಡು ಅದನ್ನೂ ಮುಚ್ಚಿಬಿಡ್ತಾರೆ.”

ಸಂಜೆ ಇಬ್ಬರೂ ಒಟ್ಟಿಗೆ ಇಸ್ತ್ರಿಯಮ್ಮನ ಮನೆಯ ಮೆಟ್ಟಿಲು ಹತ್ತಿದರು. ಸಿಸ್ಟರ್‌ನ ಚೀಲ ಕಂಡೊಡನೆ ಮಗಳು ಗೋಡೆಗೆ ಒರಗಿದಳು.

“ಕೊನೆಗೂ ಹೇಳಿಬಿಟ್ಯಾ ಅಮ್ಮ. ನನ್ನ ಹಿಡ್ಕೊಡ್ತೀಯಾ?”

ಇಸ್ತ್ರಿಯಮ್ಮ ಪೆಟ್ಟಿಗೆಯಿಂದ ಟವೆಲ್ ತೆಗೆದು ಮಗಳ ಮಡಿಲಲ್ಲಿಟ್ಟಳು. ಕತ್ತರಿಸಿದ ಮೂಲೆ ಮೇಲೆ ಬಂದಿತ್ತು. ಮೂವರೂ ಅದನ್ನೇ ನೋಡಿದರು.

“ಒಬ್ಬಳೇ ಹೆರೋಣ ಅಂತಿದ್ಯಾ?” ಸಿಸ್ಟರ್ ಮೆಲ್ಲಗೆ ಕೇಳಿದಳು. “ರಕ್ತ ನಿಲ್ಲದೇ ಹೋದ್ರೆ?”

“ನಾನು ಕಲ್ಲೆದೆಯವಳಲ್ಲ ಸಿಸ್ಟರ್.”

“ಗೊತ್ತು ಕಣಮ್ಮ. ಮೆತ್ತನೆ ಟವೆಲೇ ಆರಿಸಿದ್ದೀಯಲ್ಲ.”

ಆಗ ಮಗಳು ಅತ್ತಳು. ಏಳು ತಿಂಗಳಲ್ಲಿ ತಾಯಿ ಅವಳ ಅಳು ಕೇಳಿದ್ದು ಅದೇ ಮೊದಲು. “ತಪ್ಪು ನಂದು. ಹೋಗ್ಬೇಡ ಅಂದವಳು ನಾನೇ,” ಎಂದಳು ಇಸ್ತ್ರಿಯಮ್ಮ. “ನಾಳೆ ನಾನೇ ಕರ್ಕೊಂಡು ಹೋಗ್ತೀನಿ.”

ಸಿಸ್ಟರ್ ಮಗಳ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಮುಳ್ಳು ಇಳಿಯುವುದನ್ನು ಒಮ್ಮೆ ನೋಡಿ, ಇನ್ನೊಮ್ಮೆ ಸುತ್ತಿ ನೋಡಿದಳು. “ನಾಳೆವರೆಗೆ ಬೇಡ. ಜಾಸ್ತಿ ಇದೆ. ಈಗಲೇ ಹೊರಡೋಣ.”

ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಹೆಸರು ಬರೆದುಕೊಂಡರು. ಪ್ರತಿ ಬಾರಿ ಬಾಗಿಲು ತೆರೆದಾಗ ತಾಯಿ ಮಗಳಿಬ್ಬರೂ ಬೆಚ್ಚುತ್ತಿದ್ದರು. ಬಂದದ್ದು ಮಾತ್ರೆಯವರು, ಗಂಜಿಯವರು. ಪೊಲೀಸರು ಬರಲಿಲ್ಲ.

ಮನೆಗೆ ಮರಳಿದ ದಿನ ಇಸ್ತ್ರಿಯಮ್ಮ ಟವೆಲಿನ ಮೂಲೆಗೆ ತೇಪೆ ಹಾಕಿ ಕೆಂಪು ದಾರ ಪೋಣಿಸಿದಳು.

“ಮಗುನ ಇಟ್ಕೋತೀನೋ ಒಪ್ಪಿಸ್ತೀನೋ ಇನ್ನೂ ಗೊತ್ತಿಲ್ಲಮ್ಮ.”

“ಎರಡಕ್ಕೂ ಟವೆಲ್ ಬೇಕಲ್ಲ.”

ಎರಡು ಗೆರೆ ಮುಗಿದವು. ಮಗಳು ಬಗ್ಗಿ ನೋಡಿದಳು. “ಮೂರನೇದು ಹಾಕ್ತೀಯಾ?”

“ನೀನು ಹೇಳಿದ ಮೇಲೆ,” ಎಂದು ತಾಯಿ ದಾರವನ್ನು ಕತ್ತರಿಸದೆ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟಳು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮುಚ್ಚಿದ ಬಾಗಿಲು ಇರಬಹುದು, ಒಳಗೆ ‘ಕಾಮಾಲೆ’ಯ ಹುಡುಗಿ ಇರಬಹುದು. ಕಲ್ಲೆದೆ ಎನ್ನುವ ಮೊದಲು ಆ ಬಾಗಿಲು ತಟ್ಟಿ. ಈ ಕಥೆಯ ಕಾನೂನು ಈ ಕಥೆಯ ಊರಿನದು, ಕಾನೂನು ನಾಡಿಂದ ನಾಡಿಗೆ ಬೇರೆ. ನಿಮ್ಮಲ್ಲಿ ಏನಿದೆ ಎಂದು ಗಾಳಿಮಾತನ್ನು ಕೇಳಬೇಡಿ, ಆರೋಗ್ಯ ಕೇಂದ್ರದಲ್ಲಿ, ಕಾನೂನು ಬಲ್ಲವರಲ್ಲಿ ಕೇಳಿ. ತಪಾಸಣೆಗೆ ಹೋಗಲು ಹೆದರುವವಳ ಜೊತೆ ನೀವೂ ನಡೆಯಿರಿ. ಹೆರಲೇಬೇಕೆಂದು ಹೇಳುವವರು ಸಭೆಗೆ ಕರೆಯಲು, ಓಟು ಕೇಳಲು ನಿಮ್ಮ ಬಳಿ ಬಂದಾಗ ಒಂದು ಪ್ರಶ್ನೆ ಕೇಳಿ: ಹೆತ್ತವಳಿಗೆ ಎಷ್ಟು ಮಂಚ ಹಾಕಿಸಿದ್ದೀರಿ?